ಒಬ್ಬನ ಅರ್ಜಿ, ಹಲವರ ಸಭೆ: ಧಾರವಾಡ ಮತ್ತು ಪರೇಲ್‌ಗಳ ನಡುವಣ ಒಂದು ಹಕ್ಕಿನ ಚರಿತ್ರೆ (1856–1937)

ಪೀಠಿಕೆ

1856ರ ಜೂನ್ ತಿಂಗಳಿನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಪ್ರವೇಶ ಕೋರಿ ಒಬ್ಬ ಮಹಾರ್ ಬಾಲಕನ ಅರ್ಜಿಯು ಮುಂಬಯಿ ಸರ್ಕಾರದ ಮುಂದೆ ಬಂದಿತು. ಜುಲೈ 21ರಂದು ಹೊರಟ ನಿರ್ಣಯದಲ್ಲಿ ಸರ್ಕಾರವು ಅದನ್ನು ನಿರಾಕರಿಸಿತು. ನ್ಯಾಯವು ಅರ್ಜಿದಾರನ ಕಡೆಗಿದೆ ಎಂಬುದನ್ನು ನಿರ್ಣಯವು ಅಲ್ಲಗಳೆಯಲಿಲ್ಲ. ಆದರೆ ಒಬ್ಬನ ಅಥವಾ ಕೆಲವರ ಸಲುವಾಗಿ ತಲೆತಲಾಂತರದಿಂದ ಬಂದ ಪೂರ್ವಗ್ರಹದಲ್ಲಿ ಒಮ್ಮೆಲೇ ಕೈಯಿಟ್ಟರೆ ಶಿಕ್ಷಣದ ಕಾರ್ಯಕ್ಕೇ ಹಾನಿಯಾದೀತು ಎಂಬುದು ಅದರ ವಾದವಾಗಿತ್ತು. ವುಡ್‌ನ ಶಿಕ್ಷಣ ಸಂದೇಶವು ಬಂದು ಆಗ ಎರಡೇ ವರ್ಷಗಳಾಗಿದ್ದವು.

ಈ ಪ್ರಕರಣವು ಅಲ್ಲಿಗೆ ಮುಗಿಯಲಿಲ್ಲ. 1857ರ ಜನವರಿಯಲ್ಲಿ ಭಾರತ ಸರ್ಕಾರವು ಈ ಬಗೆಗೆ ಬರೆದ ಪತ್ರದಲ್ಲಿ, ಬಂಗಾಳ ಪ್ರಾಂತದ ಯಾವ ಸರ್ಕಾರಿ ಶಾಲೆಯಲ್ಲಿಯೂ ಇಂಥ ಬಾಲಕನಿಗೆ ಪ್ರವೇಶವನ್ನು ನಿರಾಕರಿಸುತ್ತಿರಲಿಲ್ಲ ಎಂಬ ಮಾತು ಬಂದಿತು. 1858ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿಯು ಸರ್ಕಾರಿ ವಿದ್ಯಾಸಂಸ್ಥೆಗಳು ಎಲ್ಲ ವರ್ಗಗಳಿಗೂ ತೆರೆದಿರತಕ್ಕವು ಎಂದು ತೀರ್ಮಾನಿಸಿತು. ತತ್ವವೇನೋ ಸ್ಥಾಪಿತವಾಯಿತು. 1882ರ ಹಂಟರ್ ಆಯೋಗವು ಅದನ್ನು ಮತ್ತೊಮ್ಮೆ ಒಪ್ಪಿಕೊಂಡು, ಜೊತೆಗೆ ಎಚ್ಚರಿಕೆಯಿಂದ ಆಚರಣೆಗೆ ತರಬೇಕೆಂಬ ಮಾತನ್ನೂ ಸೇರಿಸಿತು. ಚರಿತ್ರೆಯಲ್ಲಿ ಅರ್ಜಿದಾರನು ‘ಧಾರವಾಡದ ಮಹಾರ್ ಬಾಲಕ’ನೆಂದೇ ಉಳಿದನು.

ಎಪ್ಪತ್ತೆರಡು ವರ್ಷಗಳ ತರುವಾಯ, 1928ರ ಮೇ 29ರಂದು, ಮುಂಬಯಿಯ ಪರೇಲ್ ಬಡಾವಣೆಯ ದಾಮೋದರ್ ಹಾಲ್‌ನಿಂದ ಸೈಮನ್ ಆಯೋಗಕ್ಕೆ ಸಲ್ಲಿಕೆಯಾದ ಮನವಿಯೊಂದರಲ್ಲಿ ಈ ಬಾಲಕನ ಪ್ರಕರಣವು ಮತ್ತೆ ಕಾಣಿಸಿಕೊಂಡಿತು. ಮನವಿಯನ್ನು ಸಲ್ಲಿಸಿದ್ದು ಬಹಿಷ್ಕೃತ ಹಿತಕಾರಿಣಿ ಸಭಾ. ಸಭೆಯ ಪರವಾಗಿ ಅದನ್ನು ರೂಪಿಸಿದವರು ಡಾ. ಬಿ. ಆರ್. ಅಂಬೇಡ್ಕರ್. ಧಾರವಾಡದಲ್ಲಿ ಒಬ್ಬನೇ ಎಂಬ ಕಾರಣಕ್ಕೆ ಸೋತವನು ಪರೇಲ್‌ನಲ್ಲಿ ಒಂದು ಪ್ರಾಂತದ ಸಮುದಾಯದ ಸಾಕ್ಷಿಯಾಗಿ ನಿಂತನು.

ಒಬ್ಬನ ಅರ್ಜಿಯು ಹಲವರ ಹಕ್ಕೊತ್ತಾಯವಾಗಿ ಮಾರ್ಪಟ್ಟ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸಲು ಯತ್ನಿಸಿದ್ದೇವೆ. ಈ ಮಾರ್ಪಾಡು ನಡೆದುದು ಬಹುಮಟ್ಟಿಗೆ ಪರೇಲ್‌ನಲ್ಲಿ; ಅದರಲ್ಲಿ ತೊಡಗಿದ ಕೆಲವು ಮುಖ್ಯ ವ್ಯಕ್ತಿಗಳೂ ಅದಕ್ಕೆ ಒದಗಿದ ಕೆಲವು ಮುಖ್ಯ ಸಂಗತಿಗಳೂ ಬಂದುದು ಕನ್ನಡ ನೆಲದಿಂದ. ಮರಾಠಿ ಚರಿತ್ರಕಾರರು ಇದನ್ನು ಮಹಾರಾಷ್ಟ್ರದ ಪ್ರಬೋಧನದ ಅಧ್ಯಾಯವೆಂದೂ, ಕನ್ನಡದ ಚರಿತ್ರಕಾರರು ನೆರೆಯ ಸೀಮೆಯ ಸಂಗತಿಯೆಂದೂ ಎಣಿಸಿರುವುದರಿಂದ ಇವೆರಡರ ನಡುವಣ ಸಂಬಂಧವು ಸಾಕಷ್ಟು ಗಮನಕ್ಕೆ ಬಂದಿಲ್ಲ.

ಪ್ರಾಂತ ಮತ್ತು ಬಡಾವಣೆ

ಹೊರನಾಡಿನ ಅಧ್ಯಯನಕಾರರ ಅನುಕೂಲಕ್ಕಾಗಿ ಒಂದೆರಡು ಮಾತುಗಳನ್ನು ಇಲ್ಲಿಯೇ ಹೇಳಬೇಕು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು. ಆದುದರಿಂದ ಧಾರವಾಡದ ಶಾಲೆಯ ಬಾಗಿಲು ತೆರೆಯಬೇಕೋ ಬೇಡವೋ ಎಂಬುದು ಮುಂಬಯಿಯಲ್ಲಿ ತೀರ್ಮಾನವಾಗುತ್ತಿತ್ತು. ಅಂತೆಯೇ ಮುಂಬಯಿಯಲ್ಲಿ ಹುಟ್ಟಿದ ಸಭೆ ಸಂಘಗಳ ಕಾರ್ಯಕ್ಷೇತ್ರದೊಳಗೆ ಈ ನಾಲ್ಕು ಕನ್ನಡ ಜಿಲ್ಲೆಗಳೂ ಸೇರಿದ್ದವು.

ಪರೇಲ್ ಒಂದು ಕಾಲಕ್ಕೆ ಗವರ್ನರರ ನಿವಾಸವಿದ್ದ ಹಸಿರು ಪ್ರದೇಶ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸುತ್ತಲೂ ಹತ್ತಿಯ ಗಿರಣಿಗಳು ಎದ್ದವು. 1896ರ ಪ್ಲೇಗಿನ ತರುವಾಯ ಗವರ್ನರರ ಹಳೆಯ ಬಂಗಲೆಯಲ್ಲಿ ಹಾಫ್‌ಕಿನ್‌ರ ಪ್ರಯೋಗಾಲಯವು ನೆಲೆಗೊಂಡಿತು. ಪ್ಲೇಗಿನ ಪರಿಣಾಮವಾಗಿಯೇ 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟ್ ಇಲ್ಲಿ ಕಾರ್ಮಿಕರಿಗಾಗಿ ಚಾಳುಗಳನ್ನು ಕಟ್ಟಿತು. ಹೀಗೆ ಗಿರಣಗಾಂವ್ ಎಂದು ಕರೆಸಿಕೊಂಡ ಸೀಮೆಯ ನಡುವೆ ಪರೇಲ್ ಬೆಳೆಯಿತು. ಕೊಂಕಣದಿಂದ, ಸಾತಾರಾ ಸೀಮೆಯಿಂದ, ಘಟ್ಟದ ಮೇಲಿನ ಜಿಲ್ಲೆಗಳಿಂದ ಬಂದ ಜನ ಇಲ್ಲಿ ನೆಲೆಸಿದರು. ಪೋಯ್‌ಬಾವಡಿಯ ಟ್ರಸ್ಟ್ ಚಾಳಿನ ಎರಡು ಕೋಣೆಗಳಲ್ಲಿ ಅಂಬೇಡ್ಕರ್ ಅವರ ಕುಟುಂಬವು 1912ರ ಸುಮಾರಿನಿಂದ 1930ರ ದಶಕದ ಆರಂಭದವರೆಗೆ ವಾಸವಾಗಿದ್ದಿತು. 1920ರ ಜನವರಿ 31ರಂದು ಆರಂಭವಾದ ‘ಮೂಕನಾಯಕ’ ಪತ್ರಿಕೆಯ ಕಚೇರಿಯೂ ಪರೇಲ್‌ನಲ್ಲಿಯೇ ಇದ್ದಿತು.

ಹಳ್ಳಿಯಲ್ಲಿ ಊರ ಹೊರಗಿನ ಕೇರಿಯೆಂಬ ಗಡಿಯು ಕಣ್ಣಿಗೆ ಕಾಣುವಂಥದು. ಗಿರಣಿಯ ಊರಿನಲ್ಲಿ ಅದು ಒಳಗೆ ಸರಿಯುತ್ತದೆ: ಚಾಳಿನ ಯಾವ ಸಾಲು, ನೀರಿನ ಯಾವ ನಲ್ಲಿ, ಗಿರಣಿಯ ಯಾವ ವಿಭಾಗ ಎಂಬ ರೂಪದಲ್ಲಿ. ಇದರ ಜೊತೆಗೆ ನಗರವು ಒಂದು ಅನುಕೂಲವನ್ನೂ ಒದಗಿಸುತ್ತದೆ. ನೂರಾರು ಹಳ್ಳಿಗಳಲ್ಲಿ ಒಂಟಿಯಾಗಿದ್ದವರು ಇಲ್ಲಿ ಒಂದೇ ಬೀದಿಯಲ್ಲಿ ಸೇರುತ್ತಾರೆ. ಸಭೆಗೆ ಬೇಕಾದ ಸಂಖ್ಯೆ, ಸ್ಥಳ, ವರ್ಗಣಿ ಮತ್ತು ಪತ್ರಿಕೆ ಇಲ್ಲಿ ಸಾಧ್ಯವಾಗುತ್ತವೆ. ಧಾರವಾಡದ ಬಾಲಕನಿಗೆ ಇಲ್ಲದಿದ್ದುದು ಇದೇ.

ನಿರಾಶ್ರಿತ ಸಾಹ್ಯಕಾರಿ ಮಂಡಳಿ

ಪರೇಲ್‌ನಲ್ಲಿ ಈ ಬಗೆಯ ಮೊದಲ ಸಂಸ್ಥೆಯು ಹುಟ್ಟಿದುದು 1906ರ ಅಕ್ಟೋಬರ್ 18ರಂದು, ಬಲಿಪಾಡ್ಯಮಿಯ ದಿನ. ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ (2018ರಿಂದ ಪ್ರಭಾದೇವಿ) ಸಮೀಪದ ಒಂದು ಬಂಗಲೆಯಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ಪ್ರಾಥಮಿಕ ಶಾಲೆಯೊಂದು ತೆರೆಯಿತು. ಅದನ್ನು ನಡೆಸಿದ ಸಂಸ್ಥೆಯು ಇಂಗ್ಲಿಷಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂದೂ ಮರಾಠಿಯಲ್ಲಿ ನಿರಾಶ್ರಿತ ಸಾಹ್ಯಕಾರಿ ಮಂಡಳಿ ಎಂದೂ ಹೆಸರಾಯಿತು. ಸ್ಥಾಪಕರು ವಿಠ್ಠಲ ರಾಮಜಿ ಶಿಂದೆ. ಅಧ್ಯಕ್ಷರು ಸರ್ ನಾರಾಯಣ ಗಣೇಶ ಚಂದಾವರಕರ್.

ಇಬ್ಬರೂ ಇಂದಿನ ಕರ್ನಾಟಕದ ನೆಲದವರೆಂಬುದು ಗಮನಾರ್ಹ. ಶಿಂದೆಯವರು 1873ರಲ್ಲಿ ಜಮಖಂಡಿಯಲ್ಲಿ ಜನಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, 1901ರಿಂದ 1903ರವರೆಗೆ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಧರ್ಮಗಳ ತೌಲನಿಕ ಅಧ್ಯಯನವನ್ನು ನಡೆಸಿ, ಮರಳಿ ಮುಂಬಯಿ ಪ್ರಾರ್ಥನಾ ಸಮಾಜದ ಪ್ರಚಾರಕರಾದರು. ಕನ್ನಡ ಮತ್ತು ಮರಾಠಿಗಳ ಸಂಬಂಧವನ್ನು ಕುರಿತೂ ಅವರು ಬರೆದಿದ್ದಾರೆ. ಚಂದಾವರಕರ್ ಅವರು 1855ರಲ್ಲಿ ಹೊನ್ನಾವರದಲ್ಲಿ ಜನಿಸಿದವರು; 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರು, 1901ರಿಂದ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳು. ಜಮಖಂಡಿಯ ಮರಾಠಾ ಮನೆತನದ ಯುವಕ ಮತ್ತು ಹೊನ್ನಾವರದ ಸಾರಸ್ವತ ನ್ಯಾಯಮೂರ್ತಿ ಪ್ರಾರ್ಥನಾ ಸಮಾಜದ ಮೂಲಕ ಒಂದುಗೂಡಿ ಪರೇಲ್‌ನ ಕೆಲಸಕ್ಕೆ ಕೈಹಾಕಿದರು.

ಮಿಷನ್ನಿನ ಉದ್ದೇಶಗಳು ಹೀಗಿದ್ದವು: ಶಿಕ್ಷಣ ಪ್ರಸಾರ, ಉದ್ಯೋಗ ದೊರಕಿಸುವುದು, ಸಾಮಾಜಿಕ ಅಡಚಣೆಗಳ ನಿವಾರಣೆ, ಉದಾರ ಧರ್ಮ, ವೈಯಕ್ತಿಕ ಶೀಲ ಮತ್ತು ಉತ್ತಮ ನಾಗರಿಕತ್ವದ ಬೋಧನೆ. ಶಿಂದೆಯವರ ಸೋದರಿ ಜನಾಬಾಯಿಯವರೂ ಈ ಕಾರ್ಯದಲ್ಲಿ ತೊಡಗಿದರು. ಕೆಲವೇ ವರ್ಷಗಳಲ್ಲಿ ಮಿಷನ್ನಿನ ಜಾಲವು ಪುಣೆ, ಹುಬ್ಬಳ್ಳಿ, ಮಂಗಳೂರು ಮೊದಲಾದ ಊರುಗಳವರೆಗೆ ಹಬ್ಬಿತು. ಇಲ್ಲಿ ಒಂದು ತಿದ್ದುಪಡಿ ಅವಶ್ಯ. ಎಲ್ಲವೂ ಮುಂಬಯಿಯಿಂದಲೇ ಹೊರಟಿತೆಂದು ಭಾವಿಸುವಂತಿಲ್ಲ. ಕಾಸರಗೋಡಿನ ಕಡೆಯವರಾದ ಕುದ್ಮುಲ್ ರಂಗರಾಯರು (1859–1928) ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದುದು 1897ರಲ್ಲಿ, ಎಂದರೆ ಪರೇಲ್‌ನ ಶಾಲೆಗಿಂತ ಒಂಬತ್ತು ವರ್ಷ ಮೊದಲು. ಕರಾವಳಿಯ ಕೆಲಸವು ಪರೇಲ್‌ನ ಶಾಖೆಯಾಗಿ ಹುಟ್ಟಿದುದಲ್ಲ. ಮೊದಲೇ ಇದ್ದ ಕೆಲಸವು ಅನಂತರದ ಜಾಲದೊಡನೆ ಸೇರಿಕೊಂಡಿತು.

ಮಂಡಳಿಯ ಮರಾಠಿ ಹೆಸರು ಕನ್ನಡದ ಓದುಗರಿಗೂ ಅರ್ಥವಾಗುವಂಥದು. ‘ನಿರಾಶ್ರಿತ’ ಎಂದರೆ ಆಶ್ರಯವಿಲ್ಲದವನು. ಈ ಪದವು ಒಂದು ಕೊರತೆಯನ್ನು ಹೇಳುತ್ತದೆ, ಕೊರತೆಗೆ ಕಾರಣರಾದವರನ್ನು ಹೇಳುವುದಿಲ್ಲ. ‘ಸಾಹ್ಯಕಾರಿ’ ಎಂಬುದು ಸಹಾಯ ಮಾಡುವವರನ್ನು ಕುರಿತ ಮಾತು. ಹೆಸರಿನ ಒಳಗೇ ಇಬ್ಬರಿದ್ದಾರೆ: ಪಡೆಯುವವನು ಮತ್ತು ಕೊಡುವವನು. ಶಿಂದೆಯವರ ನಿಷ್ಠೆಯ ಬಗೆಗೆ ಇಲ್ಲಿ ಸಂದೇಹವಿಲ್ಲ. ಅಸ್ಪೃಶ್ಯ ಕುಟುಂಬಗಳ ನಡುವೆಯೇ ಬಾಳಿ ಅವರು ಸ್ವಜಾತಿಯವರ ಆಕ್ಷೇಪಣೆಗೆ ಗುರಿಯಾದರು. ನಮ್ಮ ಮುಂದಿರುವ ಪ್ರಶ್ನೆಯು ಸಂಸ್ಥೆಯ ರಚನೆಗೆ ಸಂಬಂಧಿಸಿದುದು: ಯಾರ ಹಕ್ಕಿಗಾಗಿ ಸಂಸ್ಥೆಯಿದೆಯೋ ಅವರಿಗೆ ಅದರಲ್ಲಿ ಇರುವ ಸ್ಥಾನವೇನು?

ಎರಡು ಸಭೆಗಳು

ಈ ಪ್ರಶ್ನೆಯು 1917ರ ನವೆಂಬರ್‌ನಲ್ಲಿ ಬಹಿರಂಗವಾಯಿತು. ಮಾಂಟೆಗೂ ಅವರು ಭಾರತಕ್ಕೆ ಬಂದ ಸಂದರ್ಭವದು. ನವೆಂಬರ್ 11ರಂದು ಚಂದಾವರಕರ್ ಅವರ ಅಧ್ಯಕ್ಷತೆಯಲ್ಲಿ ಮುಂಬಯಿಯಲ್ಲಿ ಸೇರಿದ ನಿಮ್ನವರ್ಗಗಳ ಸಭೆಯು ಕಾಂಗ್ರೆಸ್–ಲೀಗ್ ಯೋಜನೆಯನ್ನು ಬೆಂಬಲಿಸಿತು. ಅಸ್ಪೃಶ್ಯರ ಮೇಲಿನ ನಿರ್ಬಂಧಗಳನ್ನು ತೊಡೆಯುವ ನಿರ್ಣಯವನ್ನು ಕಾಂಗ್ರೆಸ್ ಕೈಗೊಳ್ಳಬೇಕೆಂದು ಕೋರಿತು. ಆ ಡಿಸೆಂಬರ್‌ನಲ್ಲಿ ಕಲ್ಕತ್ತೆಯ ಅಧಿವೇಶನವು ಅಂಥ ನಿರ್ಣಯವನ್ನು ಅಂಗೀಕರಿಸಿತು. ಆದರೆ ಮೊದಲ ಸಭೆಯಾದ ಒಂದು ವಾರದೊಳಗೆ ಬಾಪೂಜಿ ನಾಮದೇವ ಬಾಗಡೆಯವರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಭೆಯು ಸೇರಿತು. ಅದು ಕಾಂಗ್ರೆಸ್–ಲೀಗ್ ಯೋಜನೆಯನ್ನು ಬೆಂಬಲಿಸಲು ಒಪ್ಪಲಿಲ್ಲ. ಮೇಲ್ವರ್ಗಗಳ ಕೈಗೆ ಅಧಿಕಾರವು ಹಸ್ತಾಂತರವಾಗುವುದನ್ನು ವಿರೋಧಿಸಿ, ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುವ ಹಕ್ಕನ್ನು ಬೇಡಿತು.

ಒಂದೇ ನಗರ, ಒಂದೇ ಜನವರ್ಗ, ಒಂದೇ ವಾರ. ಎರಡು ವಿರುದ್ಧ ನಿರ್ಣಯಗಳು. ಮೊದಲ ಸಭೆಯು ಸಮಾಜದ ಮನಸ್ಸಾಕ್ಷಿಗೆ ಮೊರೆಯಿಟ್ಟಿತು. ಎರಡನೆಯದು ರಾಜ್ಯಾಧಿಕಾರದ ಹಂಚಿಕೆಯನ್ನು ಪ್ರಶ್ನಿಸಿತು. 1919ರ ಜನವರಿಯಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಸಾಕ್ಷ್ಯ ನುಡಿದ ಅಂಬೇಡ್ಕರ್ ಅವರು ಈ ಎರಡನೆಯ ನಿಲುವಿಗೆ ತಾತ್ವಿಕ ಬುನಾದಿಯನ್ನು ಒದಗಿಸಿದರು. ಶಿಂದೆಯವರೂ ಅದೇ ಸಮಿತಿಯ ಮುಂದೆ ಬಂದಿದ್ದರು. ಮಿಷನ್ನಿನ ಆಡಳಿತವು ಅಸ್ಪೃಶ್ಯರ ಕೈಗೇ ಬರಬೇಕೆಂಬ ಒತ್ತಾಯವು ಬೆಳೆದ ಕಾಲದಲ್ಲಿ, 1923ರಲ್ಲಿ, ಶಿಂದೆಯವರು ಅದರಿಂದ ಹೊರಬಂದರು. ಅದೇ ವರ್ಷ ಮೇ ತಿಂಗಳಲ್ಲಿ ಚಂದಾವರಕರ್ ಬೆಂಗಳೂರಿನಲ್ಲಿ ನಿಧನರಾದರು. ಆಗಸ್ಟ್ 4ರಂದು ಎಸ್. ಕೆ. ಬೋಲೆಯವರ ಸೂಚನೆಯ ಮೇರೆಗೆ ಮುಂಬಯಿ ಶಾಸನ ಪರಿಷತ್ತು ಸಾರ್ವಜನಿಕ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಚಿಕಿತ್ಸಾಲಯಗಳು ಅಸ್ಪೃಶ್ಯರಿಗೆ ತೆರೆದಿರಬೇಕೆಂಬ ನಿರ್ಣಯವನ್ನು ಅಂಗೀಕರಿಸಿತು. ಹೀಗೆ 1923ನೆಯ ವರ್ಷವು ಒಂದು ಯುಗದ ಕೊನೆಯನ್ನೂ ಇನ್ನೊಂದರ ಮೊದಲನ್ನೂ ಸೂಚಿಸುತ್ತದೆ.

ಬಹಿಷ್ಕೃತ ಹಿತಕಾರಿಣಿ ಸಭಾ

1924ರ ಮಾರ್ಚ್ 9ರಂದು ಅಂಬೇಡ್ಕರ್ ಅವರು ಪರೇಲ್‌ನ ದಾಮೋದರ್ ಹಾಲ್‌ನಲ್ಲಿ ಸಭೆಯೊಂದನ್ನು ಕರೆದರು. ಈ ಭವನವು ಸೋಷಿಯಲ್ ಸರ್ವಿಸ್ ಲೀಗಿನದು. ಆ ಲೀಗನ್ನು 1911ರಲ್ಲಿ ಎನ್. ಎಂ. ಜೋಶಿಯವರು ಸ್ಥಾಪಿಸಿದಾಗ ಅದರ ಅಧ್ಯಕ್ಷರಾದವರು ಚಂದಾವರಕರ್. ಹಳೆಯ ಸುಧಾರಕರು ಕಟ್ಟಿದ ಮನೆಯಲ್ಲಿಯೇ ಹೊಸ ಸಂಸ್ಥೆಯು ಹುಟ್ಟಿತು. ಜುಲೈ 20ರಂದು ಬಹಿಷ್ಕೃತ ಹಿತಕಾರಿಣಿ ಸಭಾ ವಿಧ್ಯುಕ್ತವಾಗಿ ಸ್ಥಾಪಿತವಾಯಿತು. ಅದರ ಕಚೇರಿಯೂ ದಾಮೋದರ್ ಹಾಲ್‌ನಲ್ಲಿಯೇ ಇದ್ದಿತು.

ಸಭೆಯ ಉದ್ದೇಶಗಳು ನಾಲ್ಕು: ವಿದ್ಯಾರ್ಥಿನಿಲಯಗಳ ಮೂಲಕ ಶಿಕ್ಷಣ ಪ್ರಸಾರ, ವಾಚನಾಲಯ, ಅಧ್ಯಯನ ಕೂಟಗಳ ಮೂಲಕ ಸಂಸ್ಕೃತಿ ಪ್ರಸಾರ, ಕೈಗಾರಿಕೆ ಮತ್ತು ಕೃಷಿ ಶಾಲೆಗಳ ಮೂಲಕ ಆರ್ಥಿಕ ಉನ್ನತಿ, ಕೊನೆಯದಾಗಿ, ನಿಮ್ನವರ್ಗಗಳ ಕುಂದುಕೊರತೆಗಳನ್ನು ಪ್ರತಿನಿಧಿಸುವುದು. ಮೊದಲ ಮೂರರಲ್ಲಿ ಹಿಂದಿನ ಮಿಷನ್ನಿನ ಛಾಯೆಯನ್ನು ಕಾಣಬಹುದು. ನಾಲ್ಕನೆಯದು ಹೊಸದು. ಕುಂದುಕೊರತೆಯನ್ನು ನಿವಾರಿಸುವೆವೆಂದು ಸಭೆಯು ಹೇಳಲಿಲ್ಲ, ಪ್ರತಿನಿಧಿಸುವೆವೆಂದಿತು. ನಿವಾರಣೆಯ ಹೊಣೆಯನ್ನು ಸರ್ಕಾರದ ಮೇಲಿರಿಸಿತು.

ಹೆಸರಿನ ಬದಲಾವಣೆಯೂ ಗಮನಾರ್ಹ. ‘ಬಹಿಷ್ಕೃತ’ ಎಂದರೆ ಹೊರಹಾಕಲ್ಪಟ್ಟವನು. ಬಹಿಷ್ಕಾರವೆಂಬುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಮಾತು. ಬಹಿಷ್ಕೃತನಿದ್ದರೆ ಬಹಿಷ್ಕರಿಸಿದವರು ಇರಲೇಬೇಕು. ನಿರಾಶ್ರಿತನು ಕರುಣೆಗೆ ಪಾತ್ರನಾಗಬಹುದು. ಬಹಿಷ್ಕೃತನು ನ್ಯಾಯವನ್ನು ಕೇಳುತ್ತಾನೆ. ಹದಿನೆಂಟು ವರ್ಷಗಳಲ್ಲಿ ಪರೇಲ್‌ನ ಸಂಸ್ಥೆಗಳ ಚಿಂತನೆಯಲ್ಲಿ ಆದ ಪಲ್ಲಟವನ್ನು ಈ ಎರಡು ಪದಗಳೇ ತೋರಿಸುತ್ತವೆ.

ಆದರೂ ಹಳೆಯದನ್ನು ಸಭೆಯು ಒಮ್ಮೆಲೇ ಕಡಿದುಕೊಳ್ಳಲಿಲ್ಲ. ಅದರ ಅಧ್ಯಕ್ಷರು ಸರ್ ಚಿಮನ್‌ಲಾಲ್ ಸೆಟಲ್ವಾಡ್, ಉಪಾಧ್ಯಕ್ಷರಲ್ಲಿ ಆರ್. ಪಿ. ಪರಾಂಜಪೆ, ಬಿ. ಜಿ. ಖೇರ್ ಮೊದಲಾದವರಿದ್ದರು. ಕಾರ್ಯಕಾರಿ ಮಂಡಳಿಯು ಮಾತ್ರ ಅಸ್ಪೃಶ್ಯ ವರ್ಗದವರದು: ಅಧ್ಯಕ್ಷರು ಅಂಬೇಡ್ಕರ್, ಕಾರ್ಯದರ್ಶಿ ಎಸ್. ಎನ್. ಶಿವತರಕರ್, ಕೋಶಾಧಿಕಾರಿ ಎನ್. ಟಿ. ಜಾಧವ್. ಗೌರವ ಪದವಿಗಳು ಮೇಲ್ವರ್ಗದ ಮಿತ್ರರಿಗೆ, ನಿರ್ಣಯದ ಅಧಿಕಾರವು ತಮ್ಮ ಕೈಯಲ್ಲಿ. 1917ರ ಎರಡು ಸಭೆಗಳ ನಡುವಣ ಬಿರುಕಿಗೆ ದೊರೆತ ಸಾಂಸ್ಥಿಕ ಪರಿಹಾರವಿದು ಎಂದು ನಾವು ಭಾವಿಸುತ್ತೇವೆ. ಮಿತ್ರರನ್ನು ಬಿಡಲಿಲ್ಲ, ಮಾತಿನ ಹಕ್ಕನ್ನು ಅವರಿಗೆ ಒಪ್ಪಿಸಲೂ ಇಲ್ಲ.

1925ರ ಜನವರಿ 4ರಂದು ಸಭೆಯು ಸೊಲ್ಲಾಪುರದಲ್ಲಿ ವಿದ್ಯಾರ್ಥಿನಿಲಯವನ್ನು ತೆರೆಯಿತು. ಅಲ್ಲಿನ ನಗರಸಭೆಯು ತಿಂಗಳಿಗೆ 40 ರೂಪಾಯಿಗಳ ನೆರವು ನೀಡಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತಿಕ ಬಹಿಷ್ಕೃತ ಪರಿಷತ್ತು ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಅಂಬೇಡ್ಕರ್ ಅವರ ಅಧ್ಯಕ್ಷತೆಯಲ್ಲಿ ಸೇರಿತು. ಕನ್ನಡ–ಮರಾಠಿಗಳು ಬೆರೆತ ಗಡಿಸೀಮೆಯು ಈ ಚಳವಳಿಯ ಮೊದಲ ಕಾರ್ಯಕ್ಷೇತ್ರಗಳಲ್ಲಿ ಒಂದಾಯಿತು ಎಂಬುದನ್ನು ಈ ಎರಡು ಸಂಗತಿಗಳು ತೋರಿಸುತ್ತವೆ.

ಲಾಳಿಯ ನೂಲು

ನಾಗರಿಕ ಹಕ್ಕು ಒಂದು ಕಡೆ, ಸಮಾನ ಅವಕಾಶ ಇನ್ನೊಂದು ಕಡೆ. ಇವೆರಡೂ ಬೇರೆಬೇರೆಯಲ್ಲ ಎಂಬುದನ್ನು ಪರೇಲ್‌ನ ಗಿರಣಿಗಳು ದಿನವೂ ತೋರಿಸುತ್ತಿದ್ದವು. ಹತ್ತಿ ಗಿರಣಿಗಳಲ್ಲಿ ಹೆಚ್ಚಿನ ಕೂಲಿ ದೊರೆಯುತ್ತಿದ್ದುದು ನೇಯ್ಗೆಯ ವಿಭಾಗದಲ್ಲಿ. ಅಲ್ಲಿ ಅಸ್ಪೃಶ್ಯ ಕಾರ್ಮಿಕರಿಗೆ ಪ್ರವೇಶವಿರಲಿಲ್ಲ. ಕಾರಣವು ಒಂದು ಸಣ್ಣ ಕ್ರಿಯೆಯಲ್ಲಿದ್ದಿತು. ಲಾಳಿಯೊಳಗಿನ ನೂಲಿನ ಸುರುಳಿ ಮುಗಿದು ಹೊಸದನ್ನು ಇಟ್ಟಾಗ ನೇಕಾರನು ನೂಲಿನ ತುದಿಯನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಹೀರಿ ಹೊರತೆಗೆಯಬೇಕಾಗಿದ್ದಿತು. ಒಬ್ಬನ ಬಾಯಿ ತಾಕಿದ ಲಾಳಿಯು ಮತ್ತೊಬ್ಬನ ಬಾಯಿಗೆ ಬರುತ್ತಿತ್ತು. ಎಂಜಲಿನ ಭಯವು ಹೀಗೆ ಕೂಲಿಯ ದರವನ್ನು ನಿರ್ಧರಿಸಿತು. ಅಸ್ಪೃಶ್ಯರು ಕಡಿಮೆ ಕೂಲಿಯ ನೂಲುವ ವಿಭಾಗಗಳಲ್ಲಿ ಉಳಿದರು.

ಇಲ್ಲಿ ಗಿರಣಿಯ ಮಾಲೀಕನ ಲಿಖಿತ ನಿಯಮವನ್ನು ದೂಷಿಸಿ ಫಲವಿರಲಿಲ್ಲ, ತಡೆಯು ಸಹಕಾರ್ಮಿಕರದು. 1928ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಡೆದ ಮಹಾ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಅವರು ಈ ವಿಷಯವನ್ನು ಕಾರ್ಮಿಕ ನಾಯಕರ ಮುಂದಿಟ್ಟರು. ಎಲ್ಲ ವಿಭಾಗಗಳಲ್ಲಿ ಕೆಲಸ ಮಾಡುವ ಅಸ್ಪೃಶ್ಯರ ಹಕ್ಕನ್ನು ಮುಷ್ಕರದ ಬೇಡಿಕೆಗಳಲ್ಲಿ ಸೇರಿಸದಿದ್ದರೆ ತಮ್ಮ ಜನರು ಅದರಲ್ಲಿ ಭಾಗವಹಿಸಲಾರರೆಂದು ಎಚ್ಚರಿಸಿದರು. ನಾಯಕರು ಅರೆಮನಸ್ಸಿನಿಂದ ಒಪ್ಪಿದರು. ಮಾಲೀಕರ ಮುಂದೆ ಈ ಬೇಡಿಕೆಯು ಬಂದಾಗ, ಇದರಲ್ಲಿ ತಮ್ಮ ತಪ್ಪೇನೂ ಇಲ್ಲವೆಂಬ ಉತ್ತರವು ಬಂದಿತು.

ಧಾರವಾಡದ 1856ರ ನಿರ್ಣಯ ಮತ್ತು ಮಾಲೀಕರ ಈ ಉತ್ತರ ಒಂದೇ ತರ್ಕದವು ಎಂಬುದನ್ನು ಗಮನಿಸಬೇಕು. ಎರಡೂ ಕಡೆ ಅಧಿಕಾರವುಳ್ಳವರು ತಾವು ನಿರಾಕರಿಸುತ್ತಿಲ್ಲವೆಂದರು. ಉಳಿದ ಜನರ ಭಾವನೆಗೆ ತಾವು ಕಟ್ಟುಬಿದ್ದಿರುವೆವೆಂದರು. ಇಂಥ ನಿರಾಕರಣೆಯನ್ನು ಒಬ್ಬನೇ ನಿಂತು ಎದುರಿಸುವುದು ಅಸಾಧ್ಯ. ಉಳಿದ ಜನರ ಭಾವನೆಯೆಂಬ ತೂಕದ ಎದುರಿಗೆ ಇನ್ನೊಂದು ಜನಸಮೂಹದ ತೂಕವನ್ನೇ ಇಡಬೇಕಾಗುತ್ತದೆ.

1928ರ ಮನವಿಗಳು

ಅಂಬೇಡ್ಕರ್ ಅವರು 1927ರಲ್ಲಿ ಶಾಸನ ಪರಿಷತ್ತಿಗೆ ನಾಮನಿರ್ದೇಶಿತರಾದರು. ಮಾರ್ಚ್ 12ರಂದು ಶಿಕ್ಷಣ ವೆಚ್ಚವನ್ನು ಕುರಿತು ಮಾತನಾಡುತ್ತ ಅವರು ಕೆಲವು ಅಂಕಿಗಳನ್ನು ಮುಂದಿಟ್ಟರು. ಪ್ರಾಥಮಿಕ ಶಾಲೆಗಳಲ್ಲಿ ಪ್ರತಿ ಸಾವಿರ ಜನಸಂಖ್ಯೆಗೆ ಮುಂದುವರಿದ ಹಿಂದೂಗಳಲ್ಲಿ 119, ಮುಸಲ್ಮಾನರಲ್ಲಿ 92, ಮಧ್ಯಮ ವರ್ಗಗಳಲ್ಲಿ 38, ಹಿಂದುಳಿದವರಲ್ಲಿ 18 ವಿದ್ಯಾರ್ಥಿಗಳಿದ್ದರು. ಅಸ್ಪೃಶ್ಯರು ಈ ಕೊನೆಯ ವರ್ಗಕ್ಕೆ ಸೇರಿದ್ದರು. ಕಾಲೇಜಿನ ಹಂತದಲ್ಲಿ ಆ ವರ್ಗದವರು ಇಲ್ಲವೆಂಬಷ್ಟು ವಿರಳ. 1858ರಲ್ಲಿ ಸ್ಥಾಪಿತವಾದ ತತ್ವವು ಎಪ್ಪತ್ತು ವರ್ಷಗಳಲ್ಲಿ ನೀಡಿದ ಫಲವಿದು.

1928ರ ಮೇ 29ರ ದಿನಾಂಕವನ್ನು ಹೊತ್ತ ಸಭೆಯ ಮನವಿಗಳು ಈ ಹಿನ್ನೆಲೆಯಲ್ಲಿ ಸಿದ್ಧವಾದವು. ಒಂದು ಶಿಕ್ಷಣದ ಸ್ಥಿತಿಯನ್ನು ಕುರಿತದ್ದು. ಇನ್ನೊಂದು ಪ್ರಾಂತಿಕ ಸ್ವಾಯತ್ತತೆಯಲ್ಲಿ ನಿಮ್ನವರ್ಗಗಳಿಗೆ ಬೇಕಾದ ರಕ್ಷಣೆಗಳನ್ನು ಕುರಿತದ್ದು. ಮೊದಲನೆಯದು ಚರಿತ್ರೆ: ಕಂಪನಿಯ ಕಾಲದಿಂದ ಶಿಕ್ಷಣನೀತಿಯ ದಾಖಲೆಗಳನ್ನು ಒಂದೊಂದಾಗಿ ತೆಗೆದು, ಧಾರವಾಡದ ಪ್ರಕರಣವನ್ನು ಅದರ ಪತ್ರವ್ಯವಹಾರದ ಸಹಿತ ಅದು ಮುಂದಿಟ್ಟಿತು. ಬಾಲಕನನ್ನು ಒಂಟಿಯೆಂದು ಹೊರಗಿಟ್ಟ ನಿರ್ಣಯವು ಈಗ ಸರ್ಕಾರದ ವಿರುದ್ಧವೇ ಸಾಕ್ಷ್ಯವಾಯಿತು.

ಎರಡನೆಯ ಮನವಿಯ ಬೇಡಿಕೆಗಳು ಸ್ಪಷ್ಟ. 140 ಸದಸ್ಯರ ಶಾಸನ ಪರಿಷತ್ತಿನಲ್ಲಿ ನಿಮ್ನವರ್ಗಗಳಿಗೆ 22 ಸ್ಥಾನಗಳು. ಅವರ ಶಿಕ್ಷಣವು ಪ್ರಾಂತದ ಆದಾಯದ ಮೇಲಣ ಮೊದಲ ಹೊಣೆಯಾಗಬೇಕು. ಸೈನ್ಯ, ನೌಕಾಪಡೆ, ಪೊಲೀಸ್ ಪಡೆಗಳಿಗೆ ನಿರ್ಬಂಧವಿಲ್ಲದ ಪ್ರವೇಶ. ಮೂವತ್ತು ವರ್ಷಗಳ ಕಾಲ ಸರ್ಕಾರಿ ಹುದ್ದೆಗಳಲ್ಲಿ ಆದ್ಯತೆ. ಪ್ರತಿ ಜಿಲ್ಲೆಯಲ್ಲಿ ಈ ವರ್ಗದಿಂದ ಒಬ್ಬ ವಿಶೇಷ ಪೊಲೀಸ್ ಇನ್‌ಸ್ಪೆಕ್ಟರ್. ಸ್ಥಳೀಯ ಸಂಸ್ಥೆಗಳಲ್ಲಿ ಪ್ರಾತಿನಿಧ್ಯ. ಇವುಗಳಿಗೆ ಭಂಗ ಬಂದರೆ ಭಾರತ ಸರ್ಕಾರಕ್ಕೆ ಮೇಲ್ಮನವಿಯ ಹಕ್ಕು. ಅಕ್ಟೋಬರ್ 23ರಂದು ಪುಣೆಯಲ್ಲಿ ಆಯೋಗದ ಮುಂದೆ ಅಂಬೇಡ್ಕರ್ ಅವರು ಪಿ. ಜಿ. ಸೋಲಂಕಿಯವರೊಡನೆ ಸಾಕ್ಷ್ಯ ನುಡಿದರು. ವಯಸ್ಕ ಮತದಾನವು ದೊರೆಯುವುದಾದರೆ ಮೀಸಲು ಸ್ಥಾನಗಳು ಸಾಕು, ಇಲ್ಲವಾದರೆ ಪ್ರತ್ಯೇಕ ಮತಕ್ಷೇತ್ರ ಬೇಕು ಎಂಬುದು ಅವರ ನಿಲುವಾಗಿತ್ತು.

ಈ ಪಟ್ಟಿಯನ್ನು 1906ರ ಮಿಷನ್ನಿನ ಉದ್ದೇಶಗಳೊಡನೆ ಹೋಲಿಸಿ ನೋಡಬಹುದು. ಶಿಕ್ಷಣ, ಉದ್ಯೋಗ, ಅಡಚಣೆಗಳ ನಿವಾರಣೆ, ಈ ಮೂರೂ ಅಲ್ಲಿಯೂ ಇದ್ದವು. ಸಭೆಯು ಸೇರಿಸಿದುದು ಎರಡನ್ನು: ಕಾಲಮಿತಿ ಮತ್ತು ಮೇಲ್ಮನವಿ. ಕೊಡದಿದ್ದರೆ ಏನು ಎಂಬ ಪ್ರಶ್ನೆಗೆ ಉತ್ತರವನ್ನು ಒಳಗೊಂಡಾಗಲೇ ಕೋರಿಕೆಯು ಹಕ್ಕಾಗುತ್ತದೆ.

ಮರಳಿ ಧಾರವಾಡಕ್ಕೆ

1928ರ ಜೂನ್‌ನಲ್ಲಿ ಸಭೆಯನ್ನು ವಿಸರ್ಜಿಸಿ, ಅದರ ಶೈಕ್ಷಣಿಕ ಕಾರ್ಯವನ್ನು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿಗೆ ವಹಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಂಬಯಿ ಸರ್ಕಾರವು ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ಐದು ವಿದ್ಯಾರ್ಥಿನಿಲಯಗಳಿಗೆ ಮಂಜೂರಾತಿ ನೀಡಿ, ಅವುಗಳ ಆಡಳಿತವನ್ನು ಸೊಸೈಟಿಗೆ ಒಪ್ಪಿಸಿತು. ಕನ್ನಡ ಜಿಲ್ಲೆಗಳಿಗಾಗಿ ಆರಿಸಿದ ಊರು ಧಾರವಾಡ.

1929ರಲ್ಲಿ ಧಾರವಾಡದ ವಿದ್ಯಾರ್ಥಿನಿಲಯವು ಆರಂಭವಾಯಿತು. ಅದರ ವ್ಯವಸ್ಥಾಪಕರಾದವರು ಬಳವಂತರಾವ್ ಹಣಮಂತರಾವ್ ವರಾಳೆ. ಅಂಬೇಡ್ಕರ್ ಅವರ ಒಡನಾಟವನ್ನು ಕುರಿತು ಅವರು ಮರಾಠಿಯಲ್ಲಿ ಬರೆದ ನೆನಪುಗಳು ಈ ಸೀಮೆಯ ಚಳವಳಿಗೆ ಮುಖ್ಯ ಆಕರ. ಇದೇ ಹೊತ್ತಿಗೆ ಸರ್ಕಾರವು ನೇಮಿಸಿದ್ದ ಸ್ಟಾರ್ಟ್ ಸಮಿತಿಯ ಸದಸ್ಯರಾಗಿ ಅಂಬೇಡ್ಕರ್ ಬೆಳಗಾವಿ ಮೊದಲಾದ ಜಿಲ್ಲೆಗಳಲ್ಲಿ ಸಂಚರಿಸಿದರು. ಸಮಿತಿಯ ವರದಿ 1930ರಲ್ಲಿ ಹೊರಬಂದಿತು.

ಯಾವ ಊರಿನಲ್ಲಿ ಒಬ್ಬ ಬಾಲಕನಿಗೆ ಶಾಲೆಯ ಬಾಗಿಲು ಮುಚ್ಚಿದ್ದಿತೋ ಅದೇ ಊರಿನಲ್ಲಿ ಎಪ್ಪತ್ತಮೂರು ವರ್ಷಗಳ ಮೇಲೆ ಅವನಂಥವರು ಉಂಡು, ಮಲಗಿ, ಓದುವ ಮನೆಯೊಂದು ಸರ್ಕಾರದ ಅನುದಾನದಿಂದ ನಡೆಯಿತು. ಅದನ್ನು ನಡೆಸಿದವರು ಅವನ ಜನರೇ. 1937ರ ಚುನಾವಣೆಯಲ್ಲಿ ವರಾಳೆಯವರು ಸ್ವತಂತ್ರ ಕಾರ್ಮಿಕ ಪಕ್ಷದ ಅಭ್ಯರ್ಥಿಯಾಗಿ ಬೆಳಗಾವಿ ಉತ್ತರ ಕ್ಷೇತ್ರದಿಂದ ಮುಂಬಯಿ ಶಾಸನಸಭೆಗೆ ಆಯ್ಕೆಯಾದರು. 1856ರಲ್ಲಿ ಅರ್ಜಿಯನ್ನು ತಳ್ಳಿದ ಸರ್ಕಾರದ ಉತ್ತರಾಧಿಕಾರಿಯಾದ ಆಡಳಿತವನ್ನು ಪ್ರಶ್ನಿಸುವ ಪೀಠದಲ್ಲಿ ಈಗ ಧಾರವಾಡದ ವಿದ್ಯಾರ್ಥಿನಿಲಯದ ವ್ಯವಸ್ಥಾಪಕರು ಕುಳಿತರು.

ಉಪಸಂಹಾರ

ಈ ಚರಿತ್ರೆಯನ್ನು ಸುಧಾರಕರ ಯುಗವು ಸೋತು ಹಕ್ಕಿನ ಯುಗವು ಗೆದ್ದ ಕತೆಯೆಂದು ಸರಳಗೊಳಿಸುವುದು ಸಲ್ಲದು. ರಂಗರಾಯರ, ಶಿಂದೆಯವರ ಶಾಲೆಗಳು ಇಲ್ಲದಿದ್ದರೆ ಸಭೆಗೆ ಓದುಬರಹ ಬಲ್ಲ ಕಾರ್ಯಕರ್ತರು ಇನ್ನಷ್ಟು ವಿರಳರಾಗುತ್ತಿದ್ದರು. ಸಭೆಯು ಸೇರಿದ ಭವನವೂ ಸುಧಾರಕರದೇ. ಆದರೆ ಶಾಲೆಯನ್ನು ಕೊಡುವುದಕ್ಕೂ ಶಾಲೆಗೆ ಬರುವ ಹಕ್ಕನ್ನು ಒಪ್ಪುವುದಕ್ಕೂ ಇರುವ ಅಂತರವನ್ನು ದಾಟಲು ಬೇರೊಂದು ಬಗೆಯ ಸಂಸ್ಥೆಯು ಬೇಕಾಯಿತು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 29(2)ನೆಯ ವಿಧಿಯು ಸರ್ಕಾರ ನಡೆಸುವ ಅಥವಾ ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಜಾತಿಯ ಕಾರಣದಿಂದಲೇ ಯಾವ ನಾಗರಿಕನಿಗೂ ಪ್ರವೇಶವನ್ನು ನಿರಾಕರಿಸಲಾಗದೆಂದು ಹೇಳುತ್ತದೆ. 16ನೆಯ ವಿಧಿಯು ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶವನ್ನೂ 17ನೆಯ ವಿಧಿಯು ಅಸ್ಪೃಶ್ಯತೆಯ ನಿರ್ಮೂಲನವನ್ನೂ ಹೇಳುತ್ತವೆ. 32ನೆಯ ವಿಧಿಯಂತೆ ಒಬ್ಬನೇ ಒಬ್ಬ ವ್ಯಕ್ತಿಯು ತನ್ನ ಮೂಲಭೂತ ಹಕ್ಕಿಗಾಗಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಅರ್ಜಿ ಸಲ್ಲಿಸಬಹುದು. 1948ರ ಡಿಸೆಂಬರ್ 9ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು ಇದನ್ನೇ ಸಂವಿಧಾನದ ಹೃದಯ ಮತ್ತು ಆತ್ಮವೆಂದು ಬಣ್ಣಿಸಿದರು. ಒಬ್ಬನೆಂಬ ಕಾರಣಕ್ಕೆ ಧಾರವಾಡದ ಬಾಲಕನು ಸೋತ. ಒಬ್ಬನಾದರೂ ಸಾಕು ಎನ್ನುತ್ತದೆ ಈ ವಿಧಿ. ಒಂಟಿ ಅರ್ಜಿದಾರನಿಗೆ ಈ ಬಲವು ದೊರೆತುದು ಹಲವರು ಸಭೆ ಕಟ್ಟಿ, ವರ್ಗಣಿ ಎತ್ತಿ, ಮನವಿ ಬರೆದ ಬಳಿಕ. ಮಾತು ವಿಧಿಯಾದರೂ ಆಚರಣೆಯು ಎಲ್ಲೆಡೆ ಅದನ್ನು ಹಿಂಬಾಲಿಸಿಲ್ಲವೆಂಬುದು ಬೇರೆ ಹೇಳಬೇಕಾದುದಲ್ಲ.

1982ರ ಮುಷ್ಕರದ ತರುವಾಯ ಪರೇಲ್‌ನ ಗಿರಣಿಗಳು ಒಂದೊಂದಾಗಿ ಮುಚ್ಚಿ, ಅವುಗಳ ನೆಲದಲ್ಲಿ ಗಗನಚುಂಬಿ ಕಟ್ಟಡಗಳು ಎದ್ದಿವೆ. ದಾಮೋದರ್ ನಾಟ್ಯಗೃಹವು 2023ರಲ್ಲಿ ಪುನರ್ನಿರ್ಮಾಣಕ್ಕೆಂದು ಮುಚ್ಚಿತು. ಸ್ಥಳದ ಕುರುಹುಗಳು ಅಳಿಯುತ್ತಿರುವಾಗ ದಾಖಲೆಗಳ ಮಹತ್ವವು ಹೆಚ್ಚುತ್ತದೆ. ಸಭೆಯ 1928ರ ಮನವಿಗಳು ಮಹಾರಾಷ್ಟ್ರ ಸರ್ಕಾರವು ಪ್ರಕಟಿಸಿದ ಅಂಬೇಡ್ಕರ್ ಅವರ ಬರಹ ಭಾಷಣಗಳ ಎರಡನೆಯ ಸಂಪುಟದಲ್ಲಿ ಸುಲಭವಾಗಿ ದೊರೆಯುತ್ತವೆ. ಈ ಸಂಪುಟಗಳು ಕನ್ನಡಕ್ಕೂ ಬಂದಿವೆ. ಜಮಖಂಡಿ, ಹೊನ್ನಾವರ, ಮಂಗಳೂರು, ನಿಪ್ಪಾಣಿ ಮತ್ತು ಧಾರವಾಡಗಳ ಎಳೆಗಳನ್ನು ಪರೇಲ್‌ನ ಎಳೆಯೊಡನೆ ಕೂಡಿಸಿ ಓದುವ ಕೆಲಸವು ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಬಲ್ಲ ಅಧ್ಯಯನಕಾರರಿಂದ ಆಗಬೇಕಾಗಿದೆ. ಧಾರವಾಡದ ಆ ಬಾಲಕನಿಗೆ ಕನ್ನಡ ನಾಡಿನ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನವು ಆಗ ದೊರೆತೀತು.